ಫೈಬರ್ ಸ್ಪೆಕ್ಟ್ರೋಗ್ರಾಫ್ ಮೊದಲ ಸಲ ಜೋಡಿಸುತ್ತಿದ್ದೇನೆ. ಬೆರಳಿಗೆ ಗಾಜು ಚುಚ್ಚಿದ್ದಾಯ್ತು, ಇನ್ನೇನು ಗಮನಿಸಬೇಕು?

ತಿಪಟೂರು ಮೇಷ್ಟ್ರು, ನವೆಂಬರ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ತೋಟದ ಮನೆ ತಾರಸಿ ಮೇಲೆ 8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪ್ ಇದೆ, ಎಫ್/10 (ಅಂದರೆ ಸಂಗಮದೂರ ಅಗಲದ ಹತ್ತು ಪಟ್ಟು). ಶನಿಯ ಬಳೆ ತೋರಿಸಿ ತೋರಿಸಿ ಸಾಕಾಗಿ, ಈಗ ನಕ್ಷತ್ರಗಳ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ಹಿಡಿಯುವ ಹುಚ್ಚು ಹತ್ತಿದೆ.

ಹೋದ ತಿಂಗಳು ಒಬ್ಬರಿಂದ ಹಳೆಯ ಫೈಬರ್ ಸ್ಪೆಕ್ಟ್ರೋಗ್ರಾಫ್ ಕೊಂಡೆ, ಗಾಜಿನ ಎಳೆಯಲ್ಲಿ ಬಂದ ಬೆಳಕಿನ ರೋಹಿತ ಹಿಡಿಯುವ ಯಂತ್ರ. ಟೆಲಿಸ್ಕೋಪಿನ ಹಿಂದೆ ಕೂರುವ ಒಂದು ಪುಟ್ಟ ಡಬ್ಬಿ, ಅಲ್ಲಿಂದ 50 ಮೈಕ್ರಾನ್ ಕೋರ್ (ಬೆಳಕು ಹರಿಯುವ ನಡುಭಾಗ) ಇರುವ 10 ಮೀಟರ್ ಫೈಬರ್, ಎರಡೂ ತುದಿಗೆ ಎಫ್‌ಸಿ ಕನೆಕ್ಟರ್, ಕೆಳಗಿನ ಕೋಣೆಯಲ್ಲಿ ಸ್ಪೆಕ್ಟ್ರೋಗ್ರಾಫ್. ಮಾರಿದವರು ಖುಷಿಗೆ ಅಂತ 200 ಮೈಕ್ರಾನಿನ ಬರೀ ಫೈಬರಿನ ಒಂದು ಸುರುಳಿಯನ್ನೂ ಕೊಟ್ಟರು. ಅದೇ ಎಡವಟ್ಟಾಯ್ತು. ಅಡುಗೆಮನೆ ಕತ್ತರಿಯಿಂದ ಒಂದು ತುಂಡು ಕತ್ತರಿಸಲು ಹೋದೆ. ಚಟ್ ಅಂತು, ತುಂಡು ಎಲ್ಲಿ ಹಾರಿತೋ ಕಾಣಲಿಲ್ಲ. ಎರಡು ದಿನದಿಂದ ಹೆಬ್ಬೆರಳಲ್ಲಿ ಏನೋ ಚುಚ್ಚುತ್ತಿದೆ. ಒತ್ತಿದರೆ ಮಾತ್ರ ಗೊತ್ತಾಗುತ್ತದೆ.

ಜೊತೆಗೆ ಆರು ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ನನ್ನ ಬೆರಳು ಹಾಗಿರಲಿ, ಅವರಿಗೆ ಏನೂ ಆಗಬಾರದು. ಏನೇನು ಅಪಾಯ ಇದೆ? ತುದಿ ಒರೆಸುವುದು ಹೇಗೆ? ಫೈಬರ್ ಸರಿಯಾಗಿದೆ ಅಂತ ತಿಳಿಯುವುದು ಹೇಗೆ? ಡಿಸೆಂಬರ್ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ, ಅಷ್ಟರೊಳಗೆ ತಯಾರಿ ಮುಗಿಸಬೇಕು.

ಪ್ಯಾಚ್‌ಕಾರ್ಡ್ ಪರಮೇಶಿ, ನವೆಂಬರ್ 3, ರಾತ್ರಿ 10:15

ಮೇಷ್ಟ್ರೇ, ನನಗೆ ನಕ್ಷತ್ರ ಗೊತ್ತಿಲ್ಲ, ಫೈಬರ್ ಗೊತ್ತು. ಅರಸೀಕೆರೆ ಕಡೆ ಮನೆಮನೆಗೆ ಇಂಟರ್ನೆಟ್ ಎಳೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಆಯ್ತು.

ಮೊದಲು ಬೆರಳು ನೋಡಿಕೊಳ್ಳಿ. ಹಿಂಡಬೇಡಿ, ಹಿಂಡಿದರೆ ಒಳಗೇ ಮುರಿಯುತ್ತದೆ. ಭೂತಗನ್ನಡಿ ಇಟ್ಟು, ಬ್ಯಾಟರಿ ಬೆಳಕನ್ನು ಅಡ್ಡಕ್ಕೆ ಬಿಡಿ. ಮಿಂಚಿದರೆ ಚಿಮಟದಲ್ಲಿ ಹೋದ ದಾರಿಯಲ್ಲೇ ಎಳೆಯಿರಿ. ಕಾಣದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದು ಗಾಜು ಸರ್, ಮುಳ್ಳಿನ ಹಾಗೆ ಮೆತ್ತಗಾಗಿ ಹೊರಗೆ ಬರುವುದಿಲ್ಲ.

ಇನ್ನು ಮೇಲೆ ಹೀಗೆ ಮಾಡಿ. ಮೇಜಿನ ಮೇಲೆ ಕಪ್ಪು ರಬ್ಬರ್ ಶೀಟ್ ಹಾಸಿ. ಬಿಳಿ ಟೇಬಲ್ ಮೇಲೆ ಫೈಬರ್ ಚೂರು ದೇವರಿಗೂ ಕಾಣುವುದಿಲ್ಲ. ಪಕ್ಕದಲ್ಲಿ ಮುಚ್ಚಳ ಇರುವ ಡಬ್ಬಿ ಇಡಿ, ಮೇಲೆ ದೊಡ್ಡದಾಗಿ 'ಗಾಜು' ಅಂತ ಬರೆಯಿರಿ. ನನ್ನದು ಹಳೇ ಹಾರ್ಲಿಕ್ಸ್ ಬಾಟಲಿ. ಕತ್ತರಿಸಿದ ಪ್ರತಿ ತುಂಡೂ ಆಗಿಂದಾಗಲೇ ಅದರೊಳಗೆ ಹೋಗಬೇಕು. ಆಮೇಲೆ ಎತ್ತಿದರಾಯ್ತು ಅಂದುಕೊಂಡರೆ ಕೆಟ್ಟಿರಿ. ಕೆಲಸ ಮುಗಿದ ಮೇಲೆ ಸೆಲೋ ಟೇಪ್ ಅಂಟಿಸಿ ಅಂಟಿಸಿ ಶೀಟಿನಿಂದ ಉಳಿದ ಚೂರು ತೆಗೆಯಿರಿ. ಕೈಯಿಂದ ಒರೆಸಬೇಡಿ, ಫ್ಯಾನ್ ಹಾಕಬೇಡಿ, ಪೊರಕೆ ಹಿಡಿಯಬೇಡಿ.

ಕನ್ನಡಕ ಕಡ್ಡಾಯ. ಓದುವ ಕನ್ನಡಕ ಅಲ್ಲ, ಪಕ್ಕದಲ್ಲೂ ಮುಚ್ಚುವಂಥದ್ದು. ಕೆಲಸ ಮಾಡುವ ಜಾಗದಲ್ಲಿ ಚಹಾ, ಚುರುಮುರಿ ಯಾವುದೂ ಬೇಡ. ಬೆರಳಿಂದ ಬಾಯಿಗೆ, ಬಾಯಿಂದ ಹೊಟ್ಟೆಗೆ ಹೋಗುತ್ತದೆ. ಕೈ ತೊಳೆಯುವವರೆಗೂ ಕಣ್ಣು ಉಜ್ಜಬಾರದು. ಕಣ್ಣಿಗೆ ಹಾರಿದರೆ ಉಜ್ಜದೆ ನೀರು ಬಿಟ್ಟು, ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು.

ಶುರುವಿನ ವರ್ಷ ಒಂದು ಮನೆಯಲ್ಲಿ ಚಾಪೆ ಮೇಲೆ ಕೂತು ಕೆಲಸ ಮಾಡಿ, ಗುಡಿಸಿ ಬಂದಿದ್ದೆ. ಮಾರನೇ ದಿನ ಆ ಮನೆಯ ಅಜ್ಜಿ ಫೋನ್ ಮಾಡಿದರು, ಅಂಬೆಗಾಲಿಡುವ ಮೊಮ್ಮಗನ ಮೊಣಕಾಲಿಗೆ ಚುಚ್ಚಿದೆ ಅಂತ. ಇವತ್ತಿಗೂ ಚಾಪೆ ಕಂಡರೆ ಹೊರಗೆ ಜಗಲಿಗೆ ಹೋಗುತ್ತೇನೆ.

ಒಂದು ಪ್ರಶ್ನೆ. ಟೆಲಿಸ್ಕೋಪ್ ಪಕ್ಕದಲ್ಲೇ ಆ ಯಂತ್ರ ಇಡಬಹುದಲ್ವಾ? ನಡುವೆ ಈ ದಾರ ಯಾಕೆ?

ಕೋಲಾರದ ಕತ್ತಲು, ನವೆಂಬರ್ 4, ಬೆಳಿಗ್ಗೆ 6:50

ಪರಮೇಶಿ ಅಣ್ಣ, ಒಳ್ಳೇ ಪ್ರಶ್ನೆ. ಸ್ಪೆಕ್ಟ್ರೋಗ್ರಾಫ್ ಭಾರ ಇರುತ್ತದೆ. ಟೆಲಿಸ್ಕೋಪ್ ತಿರುಗಿದ ಹಾಗೆಲ್ಲ ಅದೂ ತಿರುಗಿದರೆ ಒಳಗಿನ ಗಾಜು, ಲೋಹ ಕೂದಲೆಳೆಯಷ್ಟು ಬಾಗುತ್ತವೆ. ರಾತ್ರಿ ತಣ್ಣಗಾದ ಹಾಗೆ ಕುಗ್ಗುತ್ತವೆ ಕೂಡ. ರೋಹಿತದ ಗೆರೆ ಜರುಗಿಬಿಡುತ್ತದೆ. ಫೈಬರ್ ಇದ್ದರೆ ಯಂತ್ರ ಕೆಳಗೆ ಬೆಚ್ಚಗಿನ ಕೋಣೆಯಲ್ಲಿ ಅಲುಗಾಡದೆ ಕೂರುತ್ತದೆ, ಬೆಳಕು ಮಾತ್ರ ದಾರದಲ್ಲಿ ಇಳಿದು ಬರುತ್ತದೆ.

ನಮ್ಮ ಹತ್ತಿರದ ಉದಾಹರಣೆ ಕಾವಲೂರು. ತಮಿಳುನಾಡಿನ ಜವಾದಿ ಬೆಟ್ಟದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2.34 ಮೀಟರ್ ವೇಣು ಬಾಪು ಟೆಲಿಸ್ಕೋಪ್ ಇದೆ, 1986ರದ್ದು. ಅದರ ತುದಿಯಲ್ಲಿ ಹಿಡಿದ ಬೆಳಕು ಸುಮಾರು 45 ಮೀಟರ್ ಫೈಬರಿನಲ್ಲಿ ಸ್ಪೆಕ್ಟ್ರೋಗ್ರಾಫ್ ಇರುವ ಕೋಣೆಗೆ ಬರುತ್ತದೆ. ಕೋರ್ 100 ಮೈಕ್ರಾನ್. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಟೆಲಿಸ್ಕೋಪಿಗೂ ಫೈಬರ್ ಸ್ಪೆಕ್ಟ್ರೋಗ್ರಾಫ್ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಕೊಂಡಿ ಮೂಲಕ. ಹೊಸಕೋಟೆ ಬಸ್ಸಿನಲ್ಲಿ ಹೋಗುವಾಗೆಲ್ಲ ಇದನ್ನು ಪಕ್ಕದವರಿಗೆ ಹೇಳುವ ಚಾಳಿ ನನಗೆ. ಯಾರೂ ನಂಬುವುದಿಲ್ಲ.

ಪ್ಯಾಚ್‌ಕಾರ್ಡ್ ಪರಮೇಶಿ, ನವೆಂಬರ್ 4, ಬೆಳಿಗ್ಗೆ 7:20

ಅಬ್ಬಾ! ಹಾಗಾದರೆ ನನ್ನ ಹತ್ತಿರ ಉಳಿದಿರುವ ಹಳದಿ ಪ್ಯಾಚ್ ಕಾರ್ಡ್, ಎರಡೂ ತುದಿಗೆ ಕನೆಕ್ಟರ್ ಇರುವ ಇಂಟರ್ನೆಟ್ ಫೈಬರ್ ತುಂಡು, ಮೂಟೆಗಟ್ಟಲೆ ಇದೆ. ಮೇಷ್ಟ್ರಿಗೆ ಸುಮ್ನೆ ಕೊಡುತ್ತೇನೆ.

ತುದಿ ಒರೆಸುವ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಾಯಿಂದ ಹಾ ಅಂತ ಊದಿ ಬನಿಯನ್‌ಗೆ ಒಂದು ಸಲ ಒರೆಸಿದರೆ ಲಿಂಕ್ ಬರುತ್ತದೆ.

ಟಕ್ಸನ್ ಕನ್ನಡತಿ, ನವೆಂಬರ್ 4, ಬೆಳಿಗ್ಗೆ 10:05

ಪರಮೇಶಿ ಅಣ್ಣ, ಗಾಜಿನ ಚೂರಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಬನಿಯನ್ ಮಾತ್ರ ಬೇಡ ಅಣ್ಣ!

ನಾನು ಅಮೆರಿಕದ ಅರಿಜೋನಾದಲ್ಲಿ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿದ್ದೇನೆ. ಟೆಲಿಸ್ಕೋಪ್ ಫೈಬರುಗಳನ್ನು ಅಂಟಿಸುವುದು, ಉಜ್ಜುವುದು, ಪರೀಕ್ಷಿಸುವುದು ದಿನದ ಕೆಲಸ. ಊರು ಚಿಕ್ಕನಾಯಕನಹಳ್ಳಿ, ಹಾಗಾಗಿ ಮೇಷ್ಟ್ರು ನನಗೆ ಪಕ್ಕದೂರಿನವರೇ.

ಹಳದಿ ಪ್ಯಾಚ್ ಕಾರ್ಡ್ ನಕ್ಷತ್ರಕ್ಕೆ ಬರುವುದಿಲ್ಲ. ಅದರ ಕೋರ್ ಸುಮಾರು 9 ಮೈಕ್ರಾನ್, ಮಾಡಿರುವುದು 1310, 1550 ನ್ಯಾನೊಮೀಟರ್ ತರಂಗದೂರದ, ಕಣ್ಣಿಗೆ ಕಾಣದ ಬೆಳಕಿಗೆ. ಗಾಳಿಯಲ್ಲಿ ನಕ್ಷತ್ರ ನಡುಗಿ ದಪ್ಪ ಚುಕ್ಕಿಯಾಗಿರುತ್ತದೆ, ಅಷ್ಟು ಸಣ್ಣ ತೂತಿನೊಳಗೆ ಹೋಗುವುದೇ ಕಷ್ಟ. ನಾವು ಬಳಸುವುದು 50ರಿಂದ ಕೆಲವು ನೂರು ಮೈಕ್ರಾನ್ ಕೋರ್ ಇರುವ ಶುದ್ಧ ಸಿಲಿಕಾ ಫೈಬರ್.

ಇನ್ನು ಒರೆಸುವುದು. ಇಂಟರ್ನೆಟ್ ಲೇಸರಿನ ಬೆಳಕು ಧಾರಾಳ ಇರುತ್ತದೆ, ಸ್ವಲ್ಪ ಕೊಳೆ ಇದ್ದರೂ ನಡೆದುಹೋಗುತ್ತದೆ. ನಕ್ಷತ್ರದಿಂದ ಬರುವುದು ಎಣಿಸಿಟ್ಟಷ್ಟು ಬೆಳಕು. 50 ಮೈಕ್ರಾನ್ ಅಂದರೆ ತಲೆಕೂದಲಿಗಿಂತ ಸಣ್ಣ. ಅದರ ಮೇಲೆ ಬನಿಯನ್ನಿನ ಒಂದು ನೂಲಿನ ಎಳೆ ಬಿದ್ದರೆ ಅರ್ಧ ಬಾಗಿಲು ಮುಚ್ಚಿದ ಹಾಗೆ. ಬೆವರಿನ ಉಪ್ಪು, ಬಾಯಿಯ ತೇವ ಒಣಗಿ ಕಲೆಯಾಗುತ್ತವೆ. ದೂಳಿನ ಕಣ ಇರುವಾಗಲೇ ಕನೆಕ್ಟರ್ ತಿರುಗಿಸಿ ಬಿಗಿ ಮಾಡಿದರೆ ಅದು ಗಾಜಿನೊಳಗೆ ಕೂತು ಗೀರು ಹಾಕುತ್ತದೆ. ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ.

ನಮ್ಮ ಲ್ಯಾಬಿನ ಕ್ರಮ: ನೋಡು, ಒರೆಸು, ಮತ್ತೆ ನೋಡು, ಆಮೇಲೆ ಜೋಡಿಸು. 200 ಅಥವಾ 400 ಪಟ್ಟು ದೊಡ್ಡದು ಮಾಡುವ ಫೈಬರ್ ಮೈಕ್ರೋಸ್ಕೋಪ್ ಬೇಕು, ಪರಮೇಶಿ ಅಣ್ಣನ ಹತ್ತಿರ ಇರಬಹುದು. ಮೊದಲು ಒಣ ಒರೆಸು, ಕ್ಲಿಕ್ ಅನ್ನುವ ಪೆನ್ ಕ್ಲೀನರಿನಲ್ಲಿ. ಹೋಗದಿದ್ದರೆ ಮಾತ್ರ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್. ನೂಲು ಬಿಡದ ಟಿಶ್ಯೂಗೆ ಒಂದು ಹನಿ ಹಾಕಿ, ಒದ್ದೆಯಿಂದ ಒಣಗಿದ ಕಡೆಗೆ ಒಂದೇ ದಿಕ್ಕಿಗೆ ಎಳೆಯಿರಿ. ಟಿಶ್ಯೂವಿನ ಅದೇ ಜಾಗದಲ್ಲಿ ಎರಡನೇ ಸಲ ಒರೆಸಬಾರದು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ, ಪೊರೆ ಕಟ್ಟುತ್ತದೆ. ಅಸಿಟೋನ್ ಕೂಡ ಬೇಡ, ಕನೆಕ್ಟರಿನೊಳಗಿನ ಅಂಟಿಗೆ ಆಗಿಬರುವುದಿಲ್ಲ. ಆಲ್ಕೋಹಾಲ್ ಬೇಗ ಹತ್ತಿಕೊಳ್ಳುತ್ತದೆ, ದೇವರ ದೀಪ, ಸೊಳ್ಳೆ ಬತ್ತಿ ಪಕ್ಕದಲ್ಲಿ ಬಾಟಲಿ ತೆರೆಯಬೇಡಿ.

ದೂಳು ತಡೆಯಲು ಹಾಕುವ ಪ್ಲಾಸ್ಟಿಕ್ ಕ್ಯಾಪ್ ಇದೆಯಲ್ಲ, ಅದರೊಳಗೇ ದೂಳು ಇರುತ್ತದೆ. ಕ್ಯಾಪ್ ಹಾಕಿತ್ತು, ಹಾಗಾಗಿ ಶುದ್ಧವಾಗಿದೆ ಅಂತ ನಂಬಬೇಡಿ.

ಪ್ಯಾಚ್‌ಕಾರ್ಡ್ ಪರಮೇಶಿ, ನವೆಂಬರ್ 4, ಮಧ್ಯಾಹ್ನ 1:30

ಬನಿಯನ್ ವಿಷಯ ವಾಪಸ್ ತೆಗೆದುಕೊಂಡೆ ಅಕ್ಕಾ. ನಿಜ ಹೇಳಬೇಕೆಂದರೆ ಟ್ರೈನಿಂಗಿನಲ್ಲಿ ನಮಗೂ ಹೇಳಿದ್ದು ಇದನ್ನೇ. ದಿನಕ್ಕೆ ಎಂಟು ಮನೆ ಮುಗಿಸಬೇಕಾದಾಗ ಬನಿಯನ್ನೇ ಹತ್ತಿರ ಇರುತ್ತದೆ.

ಸ್ಕೋಪ್ ಇದೆ. ಪರದೆ ಇರುವಂಥದ್ದು, ಕಣ್ಣಿಟ್ಟು ನೋಡುವುದಲ್ಲ. ಮೇಷ್ಟ್ರೇ, ಕಣ್ಣಿಟ್ಟು ನೋಡುವ ಸ್ಕೋಪ್ ಕೊಳ್ಳಲೇಬೇಡಿ. ಆ ಕಡೆ ತುದಿಯಲ್ಲಿ ಯಾರಾದರೂ ಬೆಳಕು ಬಿಟ್ಟಿದ್ದರೆ ಅಷ್ಟೂ ಸೀದಾ ಕಣ್ಣೊಳಗೆ.

ಕೋಲಾರದ ಕತ್ತಲು, ನವೆಂಬರ್ 4, ರಾತ್ರಿ 8:10

ಕಣ್ಣಿನ ವಿಷಯ ಬಂದಿದ್ದಕ್ಕೆ ನನ್ನದೊಂದು ತಪ್ಪು ಹೇಳುತ್ತೇನೆ.

ನಕ್ಷತ್ರವನ್ನು ಫೈಬರ್ ಬಾಯಿಗೆ ಕೂರಿಸಬೇಕಾದರೆ ಮೊದಲು ಆ ಬಾಯಿ ಗೈಡ್ ಕ್ಯಾಮೆರಾದಲ್ಲಿ (ನಕ್ಷತ್ರ ಜಾರದ ಹಾಗೆ ಕಾಯುವ ಕ್ಯಾಮೆರಾ) ಎಲ್ಲಿದೆ ಅಂತ ತಿಳಿಯಬೇಕು. ಸುಲಭ ದಾರಿ ಅಂದರೆ ಸ್ಪೆಕ್ಟ್ರೋಗ್ರಾಫ್ ಕಡೆಯ ತುದಿಯಿಂದ ಹಿಂದಕ್ಕೆ ಬೆಳಕು ಬಿಡುವುದು. ಆಗ ಬಾಯಿ ಪುಟ್ಟ ಚುಕ್ಕಿಯಾಗಿ ಹೊಳೆಯುತ್ತದೆ. ನಾನು ಆನ್‌ಲೈನಲ್ಲಿ ಸಿಗುವ ಕೆಂಪು ಲೇಸರ್ ಪೆನ್ ಹಾಕಿದೆ, ಕೇಬಲ್ ಎಲ್ಲಿ ಮುರಿದಿದೆ ಅಂತ ಹುಡುಕಲು ಬಳಸುತ್ತಾರಲ್ಲ ಅದು. ಅದರ ಮೇಲೆ 30 ಮಿಲಿವ್ಯಾಟ್ ಅಂತ ಬರೆದಿತ್ತು, ನಾನು ಓದಿರಲಿಲ್ಲ. ಮೇಲೆ ನನ್ನ ತಮ್ಮ ಡಬ್ಬಿ ಬಿಚ್ಚಿ ಫೈಬರ್ ತುದಿ ಕೈಯಲ್ಲಿ ಹಿಡಿದು 'ಬೆಳಕು ಬಂತಾ' ಅಂತ ನೋಡಲು ಹೊರಟಿದ್ದ. ನೆಲದ ಮೇಲೆ ಕೆಂಪು ಬಿದ್ದದ್ದು ಮೊದಲು ಕಂಡಿತು, ಬದುಕಿಕೊಂಡ. ಕಣ್ಣು ಮಿಟುಕಿಸುವಷ್ಟರಲ್ಲಿ ಪಾರಾಗಬಹುದು ಅನ್ನುವ ಲೆಕ್ಕ 1 ಮಿಲಿವ್ಯಾಟಿನೊಳಗಿನ ಕ್ಲಾಸ್ 2 ಲೇಸರಿಗೆ ಮಾತ್ರ.

ಈಗ ನಾನು ಬಳಸುವುದು ಮಂದ ಬೆಳಕಿನ ಒಂದು ಬಿಳಿ ಎಲ್‌ಇಡಿ. ಗೈಡ್ ಕ್ಯಾಮೆರಾಗೆ ಅಷ್ಟೇ ಧಾರಾಳ. ಈ ಕೆಲಸಕ್ಕೆ ಲೇಸರ್ ಬೇಕಾಗಿಯೇ ಇಲ್ಲ.

ಮೋಡ ಮುಸುಕಿದ ತೀರ್ಥಹಳ್ಳಿ, ನವೆಂಬರ್ 4, ರಾತ್ರಿ 8:30

ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಬೆಳಕು ಇದೆಯೋ ಇಲ್ಲವೋ ಗೊತ್ತಾಗುವುದಿಲ್ವಾ? ಟಿವಿ ರಿಮೋಟ್ ಹಾಗೆ ನೋಡುತ್ತೇವಲ್ಲ.

ಟಕ್ಸನ್ ಕನ್ನಡತಿ, ನವೆಂಬರ್ 4, ರಾತ್ರಿ 9:00

ರಿಮೋಟಿನ ಬೆಳಕು 900 ನ್ಯಾನೊಮೀಟರ್ ಆಸುಪಾಸು, ಅದು ಕೆಲವು ಮೊಬೈಲಿಗೆ ಕಾಣುತ್ತದೆ. ಇಂಟರ್ನೆಟ್ ಫೈಬರಿನ 1310, 1550 ಸಿಲಿಕಾನ್ ಕ್ಯಾಮೆರಾಗೆ ಕಾಣುವುದೇ ಇಲ್ಲ. ಸುಮಾರು 1100 ದಾಟಿದರೆ ಅದು ಕುರುಡು. ಹಾಗಾಗಿ ಮೊಬೈಲಿನಲ್ಲಿ ಕಪ್ಪಾಗಿ ಕಂಡಿತು ಅಂದರೆ ಬೆಳಕಿಲ್ಲ ಅಂತ ಅರ್ಥ ಅಲ್ಲ. ಮೇಷ್ಟ್ರ ಮನೆಯಲ್ಲಿ ಇಂಟರ್ನೆಟ್ ಫೈಬರ್ ಇದ್ದರೆ ಅದರ ಕೇಬಲ್ಲೂ ಟೆಲಿಸ್ಕೋಪ್ ಕೇಬಲ್ಲೂ ಒಂದೇ ಮೂಲೆಗೆ ಬರದ ಹಾಗೆ ನೋಡಿಕೊಳ್ಳಿ. ಟೆಲಿಸ್ಕೋಪಿನದ್ದಕ್ಕೆ ಎರಡೂ ತುದಿಯಲ್ಲಿ ಬಣ್ಣದ ಟೇಪ್ ಸುತ್ತಿ. ಹುಡುಗರು ಅದಲುಬದಲು ಮಾಡುವುದು ಹೀಗೆಯೇ.

ಪ್ಯಾಚ್‌ಕಾರ್ಡ್ ಪರಮೇಶಿ, ನವೆಂಬರ್ 4, ರಾತ್ರಿ 9:20

ಇದಕ್ಕೆ ಸೇರಿಸುತ್ತೇನೆ. ಹಸಿರು ಕನೆಕ್ಟರ್ ಹಸಿರಿಗೆ, ನೀಲಿ ನೀಲಿಗೆ. ಹಸಿರಿನ ತುದಿ 8 ಡಿಗ್ರಿ ಓರೆ ಇರುತ್ತದೆ. ನೀಲಿಗೆ ಸಿಕ್ಕಿಸಿ ಬಿಗಿ ಮಾಡಿದರೆ ಎರಡೂ ಹಾಳು.

ಟಕ್ಸನ್ ಕನ್ನಡತಿ, ನವೆಂಬರ್ 4, ರಾತ್ರಿ 9:25

ಹೌದು. ಸ್ಪೆಕ್ಟ್ರೋಗ್ರಾಫಿಗೆ ಓರೆ ತುದಿ ಹಾಕಿದರೆ ಬೆಳಕೂ ಓರೆಯಾಗಿಯೇ ಹೊರಡುತ್ತದೆ, ಒಳಗಿನ ಲೆನ್ಸಿನ ಪಕ್ಕಕ್ಕೆ ಹೋಗುತ್ತದೆ.

ತಿಪಟೂರು ಮೇಷ್ಟ್ರು, ನವೆಂಬರ್ 6, ರಾತ್ರಿ 9:15

ಗಾಜು ಹೊರಗೆ ಬಂತು! ಡಾಕ್ಟರ್ ಭೂತಗನ್ನಡಿ ಹಿಡಿದು ಐದು ನಿಮಿಷದಲ್ಲಿ ತೆಗೆದರು. ರಾಗಿ ಕಾಳಿನ ಕಾಲುಭಾಗದಷ್ಟೂ ಇರಲಿಲ್ಲ.

ಕಪ್ಪು ಶೀಟ್, ಡಬ್ಬಿ, ಕನ್ನಡಕ ಎಲ್ಲ ಬಂದಿದೆ. ಎಲ್‌ಇಡಿ ಕೂಡ. ಇನ್ನು ಎರಡು ಪ್ರಶ್ನೆ. ಒಂದು, 50ರ ಬದಲು ಆ 200 ಮೈಕ್ರಾನ್ ಫೈಬರನ್ನೇ ಹಾಕಿದರೆ ಬೆಳಕು ಜಾಸ್ತಿ ಬರುವುದಿಲ್ಲವೇ? ಎರಡು, ಫೈಬರ್ ಆರೋಗ್ಯ ಪರೀಕ್ಷೆ ಮನೆಯಲ್ಲೇ ಮಾಡುವುದು ಹೇಗೆ?

ಟಕ್ಸನ್ ಕನ್ನಡತಿ, ನವೆಂಬರ್ 7, ಬೆಳಿಗ್ಗೆ 9:40

ಮೊದಲನೆಯದು ಬೇಡ ಸರ್. ಫೈಬರ್ ಬಾಯಿಯೇ ನಿಮ್ಮ ಸೀಳುಗಂಡಿ (ಸ್ಲಿಟ್), ಸ್ಪೆಕ್ಟ್ರೋಗ್ರಾಫಿಗೆ ಬೆಳಕು ನುಗ್ಗುವ ಕಿಂಡಿ. ಅದು ನಾಲ್ಕು ಪಟ್ಟು ಅಗಲವಾದರೆ ರೋಹಿತದ ಗೆರೆಗಳೂ ನಾಲ್ಕು ಪಟ್ಟು ದಪ್ಪವಾಗಿ ಒಂದರ ಮೇಲೊಂದು ಬೀಳುತ್ತವೆ. 200ರದ್ದನ್ನು ದೀಪದ ಬೆಳಕು ತರಲು ಇಟ್ಟುಕೊಳ್ಳಿ. ಅದಕ್ಕೂ ನೀವೇ ಕನೆಕ್ಟರ್ ಅಂಟಿಸಬೇಡಿ. ಎಪಾಕ್ಸಿ ಅಂಟಿನ ಗಟ್ಟಿಕಾರಕ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಶುರುವಾದರೆ ಜೀವನಪೂರ್ತಿ ಬಿಡದು. ನಮ್ಮಲ್ಲಿ ಒಬ್ಬರು ಅದಕ್ಕೇ ಬೇರೆ ಕೆಲಸಕ್ಕೆ ಹೋದರು. ಅಂಟು ಒಣಗುವಾಗ ಎಳೆದರೆ ಫೈಬರಿಗೆ ಒತ್ತಡ, ಆಮೇಲೆ 9, 3, 1, 0.3 ಮೈಕ್ರಾನ್ ಫಿಲ್ಮ್ ಮೇಲೆ ಉಜ್ಜುವ ತಪಸ್ಸು ಬೇರೆ. ಸಿದ್ಧವಾದದ್ದನ್ನು ಕೊಳ್ಳಿ.

ಎರಡನೆಯದು ನನ್ನ ಮೆಚ್ಚಿನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಫೈಬರಿಗೆ ಒಂದು ಗುಣ ಇದೆ. ನೀವು ಎಫ್/6.3ರ ಶಂಕುವಿನಾಕಾರದಲ್ಲಿ, ಅಂದರೆ ಚೂಪಾದ ಕೋನದಲ್ಲಿ ಬೆಳಕು ಕೊಟ್ಟರೆ ಹೊರಗೂ ಅಷ್ಟೇ ಚೂಪಾಗಿ ಬರಬೇಕು. ಆದರೆ ಫೈಬರ್ ಎಲ್ಲಾದರೂ ಹಿಂಡಿದ್ದರೆ, ಬಾಗಿದ್ದರೆ, ತುದಿ ಒರಟಾಗಿದ್ದರೆ ಬೆಳಕು ಹರಡಿಕೊಂಡು ಹೊರಬರುತ್ತದೆ. ಹರಡಿದ್ದು ಸ್ಪೆಕ್ಟ್ರೋಗ್ರಾಫಿನ ಲೆನ್ಸಿನ ಹೊರಗೆ ಬಿದ್ದು ವ್ಯರ್ಥ. ಫೈಬರ್ ಮುರಿದಿಲ್ಲ, ಬೆಳಕೂ ಬರುತ್ತಿದೆ, ಆದರೂ ರೋಹಿತ ಮಂಕು. ಈ ಕಾಯಿಲೆ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಅಂದಹಾಗೆ ನಿಮ್ಮ ಎಫ್/10ಕ್ಕೆ 0.63ರ ರಿಡ್ಯೂಸರ್ (ಸಂಗಮದೂರ ಕುಗ್ಗಿಸುವ ಲೆನ್ಸ್) ಹಾಕಿ. ಕೋನ ತೀರಾ ಚೂಪಾಗಿದ್ದಷ್ಟೂ ಈ ಹರಡುವಿಕೆ ಜಾಸ್ತಿ ಕಾಡುತ್ತದೆ. ಎಫ್/6.3ರಲ್ಲಿ ನಿಮ್ಮ ಸಂಗಮದೂರ ಸುಮಾರು 1,280 ಮಿಲಿಮೀಟರ್, 50 ಮೈಕ್ರಾನ್ ಬಾಯಿ ಆಕಾಶದಲ್ಲಿ 8 ಆರ್ಕ್‌ಸೆಕೆಂಡ್ ಆಗುತ್ತದೆ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್). ರಿಡ್ಯೂಸರ್ ಇಲ್ಲದಿದ್ದರೆ ಬರೀ 5. ಗಾಳಿ ನಡುಗುವ ರಾತ್ರಿ 8 ಇದ್ದರೆ ಗೈಡ್ ಮಾಡುವವರಿಗೂ ಉಸಿರಾಡಲು ಜಾಗ.

ಈಗ ಪರೀಕ್ಷೆ. ಟೆಲಿಸ್ಕೋಪಿನ ಮುಂದೆ ಕೋಣೆಯೊಳಗೇ ಒಂದು ಎಲ್‌ಇಡಿ ಪ್ಯಾನೆಲ್ ಇಡಿ. ಫೈಬರಿನ ಇನ್ನೊಂದು ತುದಿಯನ್ನು ಲೆನ್ಸ್ ತೆಗೆದ ಕ್ಯಾಮೆರಾದ ಮುಂದೆ ಹಿಡಿಸಿ. ಬಾಡಿ ಕ್ಯಾಪಿಗೆ (ಲೆನ್ಸ್ ಜಾಗ ಮುಚ್ಚುವ ಮುಚ್ಚಳ) ತೂತು ಕೊರೆದು ಕನೆಕ್ಟರ್ ಕೂರಿಸಿದರೆ ಸರಿಯಾಗುತ್ತದೆ. ಕೊರೆಯುವಾಗ ಕ್ಯಾಪ್ ಕ್ಯಾಮೆರಾ ಮೇಲೆ ಇರಬಾರದು, ಹೇಳಲೇಬೇಕು. ತುದಿಯಿಂದ ಸೆನ್ಸರಿಗೆ 50 ಮಿಲಿಮೀಟರ್ ಇದ್ದರೆ ಎಫ್/6.3ಕ್ಕೆ ಸುಮಾರು 8 ಮಿಲಿಮೀಟರ್ ಅಗಲದ ವೃತ್ತ ಬರಬೇಕು. 12.5 ಬಂದರೆ ಬೆಳಕು ಎಫ್/4ಕ್ಕೆ ಹರಡಿದೆ ಅಂತ. ಭಾಗಾಕಾರ ಅಷ್ಟೇ, ವಿದ್ಯಾರ್ಥಿಗಳೇ ಮಾಡಬಹುದು.

ಇನ್ನೂ ಚೆಂದದ್ದು ಇದೆ. ನಿಮ್ಮ ಟೆಲಿಸ್ಕೋಪಿನ ನಡುವೆ ಎರಡನೇ ಕನ್ನಡಿಯ ನೆರಳು ಇರುತ್ತದಲ್ಲ? ಆರೋಗ್ಯವಾಗಿರುವ ಫೈಬರಿನಲ್ಲಿ ಆ ನೆರಳೂ ಉಳಿದುಕೊಂಡು ವೃತ್ತದ ಬದಲು ಉದ್ದಿನವಡೆ ಕಾಣುತ್ತದೆ. ಫೈಬರನ್ನು ಎಲ್ಲಾದರೂ ಹಿಂಡಿ ನೋಡಿ, ವಡೆಯ ತೂತು ನಿಮ್ಮ ಕಣ್ಣೆದುರೇ ತುಂಬಿಕೊಳ್ಳುತ್ತದೆ.

ಪ್ಯಾಚ್‌ಕಾರ್ಡ್ ಪರಮೇಶಿ, ನವೆಂಬರ್ 7, ಬೆಳಿಗ್ಗೆ 11:10

ಅಕ್ಕಾ, ಇಷ್ಟು ವರ್ಷ ಮೀಟರಿನಲ್ಲಿ ನಂಬರ್ ಮಾತ್ರ ನೋಡಿದ್ದೆ. ವಡೆ ನೋಡಬೇಕು. ಮೇಷ್ಟ್ರೇ, ಭಾನುವಾರ ಸ್ಕೋಪ್ ಹಿಡಿದುಕೊಂಡು ಬರಲಾ?

ತಿಪಟೂರು ಮೇಷ್ಟ್ರು, ನವೆಂಬರ್ 7, ಮಧ್ಯಾಹ್ನ 2:00

ಬನ್ನಿ ಪರಮೇಶಿ, ಊಟ ನಮ್ಮಲ್ಲೇ.

ಹಳೇ ಲ್ಯಾಬ್ ಮನುಷ್ಯ, ನವೆಂಬರ್ 7, ಸಂಜೆ 6:45

ನಿವೃತ್ತನಾದ ಮೇಲೆ ಓದುವುದೇ ಕೆಲಸ, ಬರೆಯುವುದು ಕಡಿಮೆ. ಒಂದು ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ರೋಹಿತದ ಯಾವ ಗೆರೆ ಯಾವ ತರಂಗದೂರದ್ದು ಅಂತ ಗುರುತಿಸಲು, ಗೊತ್ತಿರುವ ಗೆರೆ ಕೊಡುವ ದೀಪ ಬೇಕಲ್ಲ, ಅದನ್ನು ಎಲ್ಲಿಂದ ತರುತ್ತೀರಿ?

ದೊಡ್ಡ ಯಂತ್ರಗಳಲ್ಲಿ ಥೋರಿಯಂ-ಆರ್ಗಾನ್ ದೀಪ ಇರುತ್ತದೆ. ನೂರಾರು ವೋಲ್ಟ್ ಡಿಸಿಯಲ್ಲಿ ಉರಿಯುವಂಥದ್ದು. ಥೋರಿಯಂ ಸ್ವಲ್ಪ ವಿಕಿರಣಶೀಲ. ಗಾಜು ಒಡೆಯದೆ ಇದ್ದರೆ ಚಿಂತೆಯಿಲ್ಲ, ಒಡೆದರೆ ಕೈಯಲ್ಲಿ ಎತ್ತಬಾರದು, ಗುಡಿಸಲೂಬಾರದು. ಹುಡುಗರ ಕೈಗೆ ಕೊಡುವ ವಸ್ತು ಅಲ್ಲ. ಹವ್ಯಾಸಿಗಳು ಟ್ಯೂಬ್‌ಲೈಟ್ ಸ್ಟಾರ್ಟರ್ ಬಿಚ್ಚಿ ಅದರೊಳಗಿನ ಪುಟ್ಟ ಬಲ್ಬನ್ನು ದೀಪ ಮಾಡಿಕೊಳ್ಳುತ್ತಾರೆ. ನಿಯಾನ್, ಆರ್ಗಾನ್ ಗೆರೆ ಚೆನ್ನಾಗಿ ಬರುತ್ತವೆ, ಅಗ್ಗ ಕೂಡ. ಆದರೆ ಅದು ನೇರ 230 ವೋಲ್ಟ್. ಮೇಲಿನ ಡಬ್ಬಿ ತೆಗೆದ ಮೇಲೆ ಬರಿ ತಂತಿ ಹೊರಗಿರುತ್ತದೆ. ನವೆಂಬರ್ ಇಬ್ಬನಿಯಲ್ಲಿ, ತಾರಸಿ ಮೇಲೆ, ಕತ್ತಲಲ್ಲಿ, ಬರಿಗಾಲಲ್ಲಿ! ಸರಣಿಯಲ್ಲಿ ರೆಸಿಸ್ಟರ್ ಇಲ್ಲದೆ ಹಚ್ಚಲೇಬೇಡಿ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ, ಬೆಳಕಿಗೆ ಒಂದೇ ತೂತು ಬಿಡಿ. ಪೆಟ್ಟಿಗೆ ಕೆಳಗಿನ ಕೋಣೆಯಲ್ಲೇ ಇರಲಿ, ಬೆಳಕು ಆ 200 ಮೈಕ್ರಾನ್ ಫೈಬರಿನಲ್ಲಿ ಮೇಲೆ ಹೋಗಲಿ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಇದೇ ಅದರ ದೊಡ್ಡ ಲಾಭ. ತಾರಸಿಗೆ ಹೋಗುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ತೋಟದ ಮನೆಗಳ ಅರ್ಥಿಂಗ್ ನನಗೆ ಗೊತ್ತು, ಉಪ್ಪು-ಇದ್ದಿಲು ಹಾಕಿ ಇಪ್ಪತ್ತು ವರ್ಷ ಆಗಿರುತ್ತದೆ.

ಮೋಡ ಮುಸುಕಿದ ತೀರ್ಥಹಳ್ಳಿ, ನವೆಂಬರ್ 7, ರಾತ್ರಿ 9:30

ಇಲ್ಲಿ ನಕ್ಷತ್ರ ಕಂಡು ಐದು ತಿಂಗಳಾಯ್ತು. ಆದರೆ ತೇವದ ವಿಷಯದಲ್ಲಿ ನಾನು ಪಂಡಿತ. ಕೆಲಸ ಮುಗಿದ ಮೇಲೆ ಫೈಬರ್ ತುದಿಗೆ ಕ್ಯಾಪ್ ಹಾಕಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ. ರಾತ್ರಿ ತಣ್ಣಗಾದ ಸಾಮಾನನ್ನು ಬೆಚ್ಚಗಿನ ಒಳಮನೆಗೆ ತಂದು ತಕ್ಷಣ ಕ್ಯಾಪ್ ತೆಗೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಮುಚ್ಚಿದ ಚೀಲದಲ್ಲೇ ತಂದು ಒಂದು ಗಂಟೆ ಬಿಡಿ.

ಮತ್ತೆ ಇಲಿ. ನನ್ನ ಗೈಡ್ ಕ್ಯಾಮೆರಾ ಕೇಬಲ್ ತಿಂದು ಮುಗಿಸಿವೆ. ಫೈಬರನ್ನು ಕೊಂಡಿ ಇರುವ ಬಳುಕುವ ಸ್ಟೀಲ್ ಪೈಪಿನೊಳಗೆ ಹಾಕಿ.

ತಿಪಟೂರು ಮೇಷ್ಟ್ರು, ನವೆಂಬರ್ 10, ರಾತ್ರಿ 8:50

ಭಾನುವಾರದ ವರದಿ.

ಪರಮೇಶಿ ಸ್ಕೋಪ್ ತಂದರು. ಸ್ಪೆಕ್ಟ್ರೋಗ್ರಾಫ್ ಕಡೆಯ ತುದಿ ಪರದೆ ಮೇಲೆ ಬಂದಾಗ ಹುಡುಗರೆಲ್ಲ 'ಅಯ್ಯೋ' ಅಂದರು. ಚಂದ್ರನ ಮೇಲಿನ ಕುಳಿಗಳ ಹಾಗೆ ಕೊಳೆ. ಒಣ ಒರೆಸಿನಲ್ಲಿ ಮುಕ್ಕಾಲು ಹೋಯ್ತು, ಆಲ್ಕೋಹಾಲಿನಲ್ಲಿ ಉಳಿದದ್ದು. ಒಂದು ಸಣ್ಣ ಗೀರು ಉಳಿದಿದೆ, ಕೋರ್ ಹೊರಗೆ ಇದೆ, ಪರವಾಗಿಲ್ಲ ಅಂದರು ಪರಮೇಶಿ.

ವಡೆ ಪರೀಕ್ಷೆ ಮಾಡಿದೆವು. ಬಂದದ್ದು 11 ಮಿಲಿಮೀಟರಿನ ಬೋಂಡಾ. ತೂತೇ ಇಲ್ಲ! ಕೇಬಲ್ ಉದ್ದಕ್ಕೂ ಕೈಯಾಡಿಸಿಕೊಂಡು ಹೋದೆವು. ಹಳೆಯ ಮಾಲೀಕರು ಡಬ್ಬಿಯ ಹತ್ತಿರ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿಯಾಗಿ ಎಳೆದಿದ್ದರು. ನನ್ನ ಒಬ್ಬ ವಿದ್ಯಾರ್ಥಿನಿ ಅದನ್ನು ಗಮನಿಸಿದಳು. ಫೈಬರಿಗೆ ತಾಗದ ಹಾಗೆ ಟೈ ಕತ್ತರಿಸಿದ ತಕ್ಷಣ ಪರದೆ ಮೇಲೆ ವೃತ್ತ ಕುಗ್ಗಿತು, ನಡುವೆ ಮಸುಕಾಗಿ ತೂತು ಮೂಡಿತು. ಈಗ 9 ಮಿಲಿಮೀಟರ್ ಹತ್ತಿರ ಇದೆ. ಟೈ ಬದಲು ವೆಲ್ಕ್ರೋ ಪಟ್ಟಿ, ಅದೂ ಸಡಿಲ. ಉಳಿದ ಕೇಬಲನ್ನು ಊಟದ ತಟ್ಟೆಗಿಂತ ಸಣ್ಣ ಸುರುಳಿ ಮಾಡಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದ್ದೇವೆ.

ಆರ್‌ಸಿಸಿಬಿ ಬಂತು. ಅರ್ಥಿಂಗ್ ವಿಷಯದಲ್ಲಿ ಹಳೇ ಲ್ಯಾಬ್ ಸರ್ ಹೇಳಿದ್ದು ಅಕ್ಷರಶಃ ನಿಜ.

ಕೋಲಾರದ ಕತ್ತಲು, ನವೆಂಬರ್ 10, ರಾತ್ರಿ 9:30

ಭಲೇ! ಈಗ ನಕ್ಷತ್ರಕ್ಕೆ ಕಾಯಬೇಡಿ. ಹಗಲಲ್ಲೇ ಪೂರ್ತಿ ವ್ಯವಸ್ಥೆ ಪರೀಕ್ಷಿಸಬಹುದು. ಫೈಬರಿನ ಬರೀ ತುದಿಯನ್ನು ಕಿಟಕಿಯಾಚೆಯ ನೀಲಿ ಆಕಾಶಕ್ಕೆ ಹಿಡಿಯಿರಿ, ಸೂರ್ಯನ ಕಡೆಗಲ್ಲ, ಟೆಲಿಸ್ಕೋಪ್ ಇಲ್ಲದೆ. ನೀಲಿ ಬೆಳಕೂ ಸೂರ್ಯನದ್ದೇ ತಾನೇ. 589.0 ಮತ್ತು 589.6 ನ್ಯಾನೊಮೀಟರಿನಲ್ಲಿ ಸೋಡಿಯಂ ಜೋಡಿ, 656.3ರಲ್ಲಿ ಹೈಡ್ರೋಜನ್ ಆಲ್ಫಾ, ಎಲ್ಲ ಕಪ್ಪು ಗೆರೆಗಳಾಗಿ ನಿಲ್ಲುತ್ತವೆ. 1814ರಲ್ಲಿ ಫ್ರೌನ್‌ಹೋಫರ್ ನೋಡಿದ ಅದೇ ಗೆರೆಗಳು. ಟೆಲಿಸ್ಕೋಪನ್ನು ಮಾತ್ರ ಹಗಲಲ್ಲಿ ಮುಚ್ಚಿಯೇ ಇಡಿ. ಆರು ಹುಡುಗರಲ್ಲಿ ಒಬ್ಬರು ತಿರುಗಿಸಿದರೂ ಸೂರ್ಯ ಸಿಕ್ಕಿಬಿಡುತ್ತಾನೆ, ಕಣ್ಣು, ಫೈಬರ್ ಎರಡೂ ಹೋದ ಹಾಗೆ.

ಟಕ್ಸನ್ ಕನ್ನಡತಿ, ನವೆಂಬರ್ 11, ಬೆಳಿಗ್ಗೆ 9:15

ಕೇಬಲ್ ಟೈ ಹುಡುಕಿದ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ನಮ್ಮ ಲ್ಯಾಬಿಗೆ ಕೇಬಲ್ ಟೈ ತರುವುದೇ ನಿಷಿದ್ಧ.

ಹಗಲಿನ ಕೆಲಸ ಅಂದದ್ದಕ್ಕೆ ನೆನಪಾಯ್ತು. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟಿನಲ್ಲಿ, ಆಕಾಶದ ನಕ್ಷೆ ಮಾಡುವ ಸ್ಲೋನ್ ಸಮೀಕ್ಷೆಯ 2.5 ಮೀಟರ್ ಟೆಲಿಸ್ಕೋಪ್ ಇದೆ. ಅಲ್ಲಿ ಅಲ್ಯುಮಿನಿಯಂ ತಟ್ಟೆಗಳಲ್ಲಿ ಒಂದೊಂದು ಗೆಲಾಕ್ಸಿಗೆ ಒಂದೊಂದು ತೂತು ಕೊರೆದು, 640 ಫೈಬರುಗಳನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಮುಂದೆ ಅದು 1,000 ಆಯ್ತು. ಅಷ್ಟೂ ಹಗಲಲ್ಲೇ. ಯಾವ ಫೈಬರ್ ಯಾವ ತೂತಿಗೆ ಅಂತ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಸಿಕ್ಕಿಸಿ ಮುಗಿದ ಮೇಲೆ ಇನ್ನೊಂದು ತುದಿಯಿಂದ ಒಂದೊಂದಾಗಿ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ನಕ್ಷೆ ಮಾಡಿಕೊಳ್ಳುತ್ತಿದ್ದರು. ಈಗ ಆ ಕೆಲಸಕ್ಕೆ ರೋಬೋಟ್ ಬಂದಿದೆ. ಇಲ್ಲಿ ಟಕ್ಸನ್ ಪಕ್ಕದ ಕಿಟ್ ಪೀಕ್ ಬೆಟ್ಟದ ಟೆಲಿಸ್ಕೋಪಿನಲ್ಲಂತೂ 5,000 ರೋಬೋಟ್ ಫೈಬರುಗಳು.

ಒಂದು ನೋಟ್‌ಬುಕ್ ಇಡಿ ಸರ್. ಯಾವ ದಿನ ಒರೆಸಿದಿರಿ, ಯಾವ ಫೈಬರ್ ಬದಲಿಸಿದಿರಿ, ವಡೆ ಎಷ್ಟು ಅಗಲ ಬಂತು, ಎಲ್ಲ ಬರೆಯಿರಿ. ಚಿಲಿಯ ಲಾ ಸಿಲ್ಲಾದಲ್ಲಿ ಗ್ರಹ ಹುಡುಕುವ ಹಾರ್ಪ್ಸ್ ಯಂತ್ರ ಇದೆ. 2015ರಲ್ಲಿ ಅದರ ದುಂಡು ಫೈಬರ್ ತೆಗೆದು ಎಂಟು ಮೂಲೆಯದ್ದು ಹಾಕಿದಾಗ ನಕ್ಷತ್ರಗಳ ವೇಗದ ಅಳತೆಯಲ್ಲೇ ಒಂದು ಜಿಗಿತ ಬಂತು. ಹಳೆಯದನ್ನೂ ಹೊಸದನ್ನೂ ಜೋಡಿಸಿ ನೋಡುವವರು ಇವತ್ತಿಗೂ ಆ ತಾರೀಖನ್ನು ಲೆಕ್ಕಕ್ಕೆ ಹಿಡಿಯಬೇಕು.

ತಿಪಟೂರು ಮೇಷ್ಟ್ರು, ಡಿಸೆಂಬರ್ 1, ರಾತ್ರಿ 11:50

ಈಗಷ್ಟೇ ತಾರಸಿಯಿಂದ ಇಳಿದು ಬಂದೆ. ಕೈ ತೊಳೆದೇ ಟೈಪ್ ಮಾಡುತ್ತಿದ್ದೇನೆ ಪರಮೇಶಿ.

ಗುರಿ ಇಟ್ಟದ್ದು ಗಾಮಾ ಕ್ಯಾಸಿಯೋಪಿಯಾ ನಕ್ಷತ್ರಕ್ಕೆ. 1866ರಲ್ಲಿ ಇಟಲಿಯ ಪಾದ್ರಿ ಸೆಕ್ಕಿ ಇದರಲ್ಲೇ ಹೈಡ್ರೋಜನ್ ಗೆರೆ ಕಪ್ಪಾಗಿರದೆ ಹೊಳೆಯುವುದನ್ನು ಕಂಡದ್ದು. ಕಾರಣ ಆ ನಕ್ಷತ್ರದ ಸುತ್ತ ಇರುವ ಬಿಸಿ ಅನಿಲದ ತಟ್ಟೆ. ಎರಡು ಸಲ ಮೋಡ ಬಂತು, ಒಂದು ಸಲ ಗೈಡಿಂಗ್ ಕೈಕೊಟ್ಟಿತು. ಮೂರನೇ ಸಲ ಐದು ನಿಮಿಷದ ಎಕ್ಸ್‌ಪೋಶರ್. ಪರದೆ ಮೇಲೆ 656.3ರ ಜಾಗದಲ್ಲಿ ಗೆರೆ ಹಳ್ಳಕ್ಕೆ ಬೀಳುವ ಬದಲು ತೆಂಗಿನಮರದ ಹಾಗೆ ಎದ್ದು ನಿಂತಿತ್ತು. ಯಾರೂ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಪರಮೇಶಿಯವರೂ ಇದ್ದರು. ಗೋಡೆ ಪಕ್ಕ ಇಳಿದು ಬರುವ ಕೇಬಲನ್ನು ಬ್ಯಾಟರಿ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡುತ್ತಿದ್ದರು.

ಪ್ಯಾಚ್‌ಕಾರ್ಡ್ ಪರಮೇಶಿ, ಡಿಸೆಂಬರ್ 2, ಬೆಳಿಗ್ಗೆ 6:40

ಇಲಿ ಕಡಿದಿದೆಯಾ ಅಂತ ನೋಡುತ್ತಿದ್ದೆ ಮೇಷ್ಟ್ರೇ! ಎರಡನೇ ಮೆಟ್ಟಿಲ ಹತ್ತಿರ ಸ್ಟೀಲ್ ಪೈಪಿನ ಕೊಂಡಿ ಬಿಟ್ಟಿದೆ, ಇವತ್ತೇ ಹಾಕಿಸಿ.

ಸ್ಕೋಪ್ ನಿಮ್ಮ ಮನೆಯಲ್ಲೇ ಮರೆತು ಬಂದೆ. ಒಂಬತ್ತಕ್ಕೆ ಡ್ಯೂಟಿ ಇದೆ, ಅಷ್ಟರೊಳಗೆ ಬಂದು ತೆಗೆದುಕೊಳ್ಳುತ್ತೇನೆ. ಹುಡುಗರಿಗೆ ಹೇಳಿ, ಅದರ ತುದಿಯ ಕ್ಯಾಪ್ ಯಾರೂ ತೆಗೆಯಬಾರದು.